ಚೆಲೋ ನುಡಿಸಿದ ಒಂದು ಅನ್ಯಸ್ವರ

ನಮಸ್ಕಾರ ಕೇಳುಗರೇ. ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಎರಡು ಸಲ ಜೋರಾಗಿ ಹೊಡೆಯುತ್ತದೆ. ಧಡ್. ಧಡ್. ಪೀಠಿಕೆ ಅಷ್ಟೇ. ಆಮೇಲೆ ಚೆಲೋಗಳು, ಅಂದರೆ ಪಿಟೀಲಿನ ದೊಡ್ಡಣ್ಣನ ಹಾಗಿರುವ ಆ ದಪ್ಪ ದನಿಯ ವಾದ್ಯಗಳು, ಮಗು ಕೂಡ ಗುನುಗಬಹುದಾದ ಒಂದು ಸರಳ ಧಾಟಿ ಶುರುಮಾಡುತ್ತವೆ. ಇನ್ನೇನು ಸಾಲು ಮುಗಿಯಿತು ಅನ್ನುವಷ್ಟರಲ್ಲಿ ಧಾಟಿ ಕೆಳಗೆ ಜಾರಿ ಒಂದು ಅನ್ಯಸ್ವರದ ಮೇಲೆ ನಿಲ್ಲುತ್ತದೆ. ಆ ಜಾಗಕ್ಕೆ ಸೇರದ ಸ್ವರ ಅದು. ಮೇಲೆ ಪಿಟೀಲುಗಳು ತಾಳ ತಪ್ಪಿದಂತೆ ಚಡಪಡಿಸುತ್ತವೆ. ಮರುಗಳಿಗೆ ಆ ಸ್ವರ ಒಂದು ಮೆಟ್ಟಿಲು ಮೇಲೆ ಹತ್ತಿ ಎಲ್ಲ ಸರಿಹೋಗುತ್ತದೆ. ಆದರೆ ಕಿವಿಗೆ ಚುಚ್ಚಿದ್ದು ಹಾಗೇ ಉಳಿಯುತ್ತದೆ.

ಇದು ಜರ್ಮನ್ ಸಂಗೀತಗಾರ ಬೀಥೋವನ್ನನ ಮೂರನೇ ಸಿಂಫನಿ, ಅಂದರೆ ಇಡೀ ಆರ್ಕೆಸ್ಟ್ರಾ ನುಡಿಸಲೆಂದು ಬರೆದ ದೊಡ್ಡ ಕೃತಿ. ಹೆಸರು 'ಎರೋಯಿಕಾ'. ವೀರಗೀತೆ ಅನ್ನಬಹುದು. ಬರೆದದ್ದು ಹೆಚ್ಚಾಗಿ 1803ರಲ್ಲಿ, ವಿಯೆನ್ನಾ ಊರಲ್ಲಿ.

ಅದಕ್ಕೆ ಮುಂಚೆ ಸಿಂಫನಿ ಹೇಗಿತ್ತು? ನಾಲ್ಕು ಭಾಗ, ಸುಮಾರು ಅರ್ಧ ಗಂಟೆ, ಅಚ್ಚುಕಟ್ಟು. ಬೀಥೋವನ್ನನಿಗೆ ಪಾಠ ಹೇಳಿದ ಹೇಡನ್ ನೂರಕ್ಕೂ ಜಾಸ್ತಿ ಸಿಂಫನಿ ಬರೆದರು, ಒಂದಕ್ಕಿಂತ ಒಂದು ಸೊಗಸು. ಅವರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಮೊಜಾರ್ಟನ ನಲವತ್ತನೇ ಸಿಂಫನಿ ಕೇಳಿದವರಿಗೆ ಗೊತ್ತು, ಅಲ್ಲೂ ಅಳು ಇದೆ. ಆದರೆ ಒಬ್ಬ ಮನುಷ್ಯ ತನ್ನ ಒಳಗಿನ ಜಗಳವನ್ನೆಲ್ಲ ಒಂದು ಸಿಂಫನಿಯಲ್ಲಿ ತಂದು ಸುರಿಯಬಹುದು, ಕೇಳುವವರು ಅದರ ಜೊತೆ ಬದುಕಿ ಹೊರಬರಬೇಕು ಅನ್ನುವ ಯೋಚನೆ ಇಷ್ಟು ದೊಡ್ಡದಾಗಿ ಬಂದದ್ದು ಎರೋಯಿಕಾದಲ್ಲೇ ಅಂತ ನನಗೆ ಅನ್ನಿಸುತ್ತದೆ.

ಆ ಜಗಳ ಯಾವುದು? 1802ರಲ್ಲಿ ಅವನು ವಿಯೆನ್ನಾ ಪಕ್ಕದ ಹೈಲಿಗೆನ್‌ಸ್ಟಾಟ್ ಹಳ್ಳಿಯಲ್ಲಿದ್ದ. ವಯಸ್ಸು ಮೂವತ್ತೊಂದು, ಕಿವಿ ಮಂದವಾಗುತ್ತಿತ್ತು. ಅಕ್ಟೋಬರಿನಲ್ಲಿ ತಮ್ಮಂದಿರಿಗೆ ಒಂದು ಪತ್ರ ಬರೆದ, ಕಳಿಸಲಿಲ್ಲ. ಪಕ್ಕದಲ್ಲಿ ನಿಂತವನಿಗೆ ದೂರದ ಕೊಳಲು ಕೇಳಿಸಿತು, ನನಗೆ ಏನೂ ಕೇಳಿಸಲಿಲ್ಲ, ಕುರುಬ ಹಾಡುತ್ತಿದ್ದ, ಅದೂ ಕೇಳಿಸಲಿಲ್ಲ ಅಂತ ಅದರಲ್ಲಿದೆ. ಜೀವ ಬಿಡುವ ಯೋಚನೆಯೂ ಬಂದಿತ್ತು, ಕಲೆಯೊಂದೇ ತಡೆಯಿತು ಅನ್ನುತ್ತಾನೆ. ಸಂಗೀತವೇ ಉಸಿರಾದವನಿಗೆ ಕೊಳಲು ಕೇಳಿಸದಿದ್ದರೆ ಹೇಗಾಗಿರಬೇಡ! ಅದಾದ ಮರುವರ್ಷವೇ ಅವನು ಕೂತು ಬರೆದದ್ದು ಈ ಸಿಂಫನಿ.

ಸುಮಾರು ಐವತ್ತು ನಿಮಿಷದ್ದು. ಎರಡು ಹಾರ್ನ್, ಅಂದರೆ ಊದುವ ಹಿತ್ತಾಳೆ ಕೊಂಬು, ಇರುತ್ತಿದ್ದ ಕಡೆ ಮೂರು ಬಂದವು. ಎರಡನೇ ಭಾಗ ಶವಯಾತ್ರೆಯ ನಡಿಗೆ. ಅದರ ಕೊನೆಯಲ್ಲಿ ಧಾಟಿ ತುಂಡುತುಂಡಾಗಿ ಒಡೆಯುತ್ತದೆ, ನಡುನಡುವೆ ಮೌನ, ಬಿಕ್ಕುತ್ತಾ ಮಾತು ಮುಂದುವರಿಸಲಾಗದವರ ಹಾಗೆ.

ನೆಪೋಲಿಯನ್ನನ ಕಥೆ ನೀವು ಕೇಳಿರಬಹುದು. ಬೀಥೋವನ್ ಅವನ ಹೆಸರಲ್ಲೇ ಇದನ್ನು ಬರೆದಿದ್ದ. 1804ರಲ್ಲಿ ಅವನು ತಾನೇ ಚಕ್ರವರ್ತಿ ಅಂತ ಘೋಷಿಸಿಕೊಂಡ ಸುದ್ದಿ ಬಂತು, ಬೀಥೋವನ್ ಕೆರಳಿದ. ಮುಖಪುಟದ ಮೇಲೆ ಆ ಹೆಸರನ್ನು ಎಷ್ಟು ಒತ್ತಿ ಕೆರೆದಿದ್ದಾರೆ ಅಂದರೆ ಕಾಗದವೇ ತೂತಾಗಿದೆ. ಆ ಪ್ರತಿ ಇವತ್ತಿಗೂ ವಿಯೆನ್ನಾದಲ್ಲಿದೆ.

ಸಾರ್ವಜನಿಕರ ಮುಂದೆ ಮೊದಲು ನುಡಿಸಿದ್ದು 1805ರ ಏಪ್ರಿಲ್ 7ರಂದು. ಮೇಲಿನ ಸಾಲಿಂದ ಯಾರೋ, ಇದು ನಿಂತರೆ ಇನ್ನೊಂದು ಕಾಸು ಕೊಡುತ್ತೇನೆ ಅಂತ ಕೂಗಿದರಂತೆ. ಅವರನ್ನು ತಪ್ಪು ಅನ್ನಲಾರೆ. ಅರ್ಧ ಗಂಟೆಗೆ ಮನೆಗೆ ಹೋಗುವ ರೂಢಿಯವರು ಅವರು.

ಆಮೇಲೆ ಬೀಥೋವನ್ ನಿಲ್ಲಲಿಲ್ಲ. ಐದನೆಯದರಲ್ಲಿ ಮೂರನೇ ಭಾಗದ ಕತ್ತಲಿಂದ ನಾಲ್ಕನೆಯದರ ಬೆಳಕಿಗೆ ನಡುವೆ ನಿಲ್ಲಿಸದೆ ದಾಟಿದ, 1824ರ ಒಂಬತ್ತನೆಯದರಲ್ಲಿ ಹಾಡುಗಾರರನ್ನೇ ತಂದು ನಿಲ್ಲಿಸಿದ. ಪ್ಯಾರಿಸ್ಸಿನಲ್ಲಿ ಬರ್ಲಿಯೋಸ್ 1830ರಲ್ಲಿ ಒಬ್ಬ ಪ್ರೇಮಿಯ ಹುಚ್ಚು ಕನಸನ್ನೇ ಸಿಂಫನಿ ಮಾಡಿದ. ಬ್ರಾಮ್ಸ್ ಅಂತೂ ಬೀಥೋವನ್ನನ ನೆರಳಿಗೆ ಅಂಜಿ ಅಂಜಿ ತನ್ನ ಮೊದಲ ಸಿಂಫನಿ ಹೊರತರುವಾಗ ನಲವತ್ತು ದಾಟಿದ್ದ. ರೊಮ್ಯಾಂಟಿಕ್ ಕಾಲ ಅಂತ ಕರೆಯುವುದು ಇದನ್ನೇ ಅಲ್ವಾ, ಮನಸ್ಸೇ ಸಂಗೀತದ ಯಜಮಾನ ಆದದ್ದು.

ನೀವು ಎರೋಯಿಕಾ ಕೇಳುವುದಾದರೆ, ಮೊದಲ ಭಾಗ ಅರ್ಧಕ್ಕಿಂತ ಜಾಸ್ತಿ ಕಳೆದ ಮೇಲೆ ಸ್ವಲ್ಪ ಕಿವಿ ಕೊಡಿ. ದೊಡ್ಡ ಗದ್ದಲ ಅಡಗಿ ಪಿಟೀಲುಗಳು ಬರೀ ಪಿಸುಗುಡುತ್ತಿರುತ್ತವೆ. ಆಗ ಒಂದು ಹಾರ್ನ್ ಅವಸರಪಟ್ಟು, ಉಳಿದವರಿಗಿಂತ ಮುಂಚೆಯೇ ಆ ಮೊದಲ ಧಾಟಿ ಎತ್ತಿಬಿಡುತ್ತದೆ. ತಪ್ಪಲ್ಲ, ಬೇಕೆಂದೇ ಬರೆದದ್ದು. ಮೊದಲ ತಾಲೀಮಿನಲ್ಲಿ ಶಿಷ್ಯ ರೀಸ್, ಆ ಹಾರ್ನ್‌ನವನಿಗೆ ಲೆಕ್ಕ ಬರಲ್ವಾ ಅಂತ ಬೈದು, ಗುರುವಿನಿಂದ ಏಟು ತಿನ್ನುವುದರಲ್ಲಿದ್ದ.

ಅಲ್ಲಿಂದ ಚೆಲೋಗಳು ಮತ್ತೆ ಅದೇ ಧಾಟಿ ನುಡಿಸುತ್ತವೆ. ಅದೇ ಅನ್ಯಸ್ವರ ಮತ್ತೆ ಬರುತ್ತದೆ. ಮೊದಲ ಸಲ ಮೇಲೆ ಹತ್ತಿತ್ತು, ಈ ಸಲ ಮೆಲ್ಲಗೆ ಕೆಳಗೆ ಇಳಿಯುತ್ತದೆ, ಇಳಿದ ಕಡೆ ಬೇರೆಯೇ ಒಂದು ಶ್ರುತಿ ತೆರೆದುಕೊಳ್ಳುತ್ತದೆ. ಅಲ್ಲಿ ಹಾರ್ನ್ ಒಂದೇ ನಿಂತು, ಈ ಸಲ ಯಾವ ಅವಸರವೂ ಇಲ್ಲದೆ, ಆ ಧಾಟಿಯನ್ನು ಹಾಡುತ್ತದೆ.