ಶಾಲೆಯ ಲೆಕ್ಕ, ಅಂಗಳದಲ್ಲಿ

ಕೇಳುಗರಿಗೆ ನಮಸ್ಕಾರ. ರಾಯಚೂರು, ಕೊಪ್ಪಳ, ಬಳ್ಳಾರಿ ಹಳ್ಳಿಗಳ ತಾಯಂದಿರಿಗೆ, ಅದರಲ್ಲೂ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಉಸ್ತುವಾರಿ ನೋಡುವ ಪೋಷಕರ ಸಮಿತಿಯಲ್ಲಿ, ಸುಮ್ನೆ ಸಹಿ ಹಾಕಿ ಬರುವವರಿಗೆ ಈ ಮಾತು. ಶಿಕ್ಷಣ ನೀತಿಯ ಸಂಶೋಧನೆ ಅಂದ ಕೂಡಲೇ ರೇಡಿಯೊ ಆರಿಸಬೇಡಿ. ನಾನು ಹೇಳುವುದು ಒಂದೇ. ಶಾಲೆಯ ಲೆಕ್ಕವನ್ನು ಊರಿನವರೇ ಕೂತು ಮಾಡಬೇಕು.

ಹಿಂದೊಮ್ಮೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಹದಿನಾಲ್ಕು ಪುಟದ ಪ್ರಶ್ನೆಪಟ್ಟಿ ಹಿಡಿದು ಹೋಗಿದ್ದೆ. ‘ಮಗು ಶಾಲೆಗೆ ಹೋಗುತ್ತದೆಯೇ?’ ಎಲ್ಲರೂ ಹೌದು ಅಂದರು. ನಾನೂ ಖುಷಿಯಾಗಿ ಟಿಕ್ ಹಾಕುತ್ತಾ ಹೋದೆ. ಕಟ್ಟೆ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜಿಯೊಬ್ಬರು ಕೇಳಿದರು, ‘ಯಾವ ತಿಂಗಳದ್ದು ಕೇಳಾಕತ್ತಿ ತಮ್ಮಾ?’

ನನ್ನ ಹಾಳೆಯಲ್ಲಿ ತಿಂಗಳೇ ಇರಲಿಲ್ಲ!

ಅಜ್ಜಿ ಸೊಸೆಯನ್ನು ಕರೆದು ಅಂಗಳದಲ್ಲಿ ಸುಣ್ಣದಿಂದ ಹನ್ನೆರಡು ಮನೆ ಬರೆಸಿದರು. ತಿಂಗಳಿಗೊಂದು ಮನೆ, ಶಾಲೆಯಲ್ಲಿರುವ ಮಗುವಿಗೊಂದು ಜೋಳದ ಕಾಳು. ದಸರೆವರೆಗೂ ಗುಡ್ಡೆ ಗುಡ್ಡೆ ಕಾಳು. ದೀಪಾವಳಿ ದಾಟಿದ ಮೇಲೆ ಮನೆಗಳು ಬರಿದಾದವು. ಅಪ್ಪ ಅಮ್ಮ ಗುಳೆ ಹೊರಟರೆ ಮಕ್ಕಳೂ ಹಿಂದೆಯೇ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಮೆಣಸಿನಕಾಯಿ ಬಿಡಿಸಲು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತ್ರ ಎಲ್ಲರ ಹೆಸರೂ ಹಾಗೇ ಇತ್ತು. ಅಷ್ಟರಲ್ಲಿ ಕೋಳಿಯೊಂದು ಬಂದು ಎರಡು ಕಾಳು ಕುಕ್ಕಿತು. ‘ಅವೂ ಗುಳೆ ಹೋದ್ವು’ ಅಂತ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ.

ಆ ಲೆಕ್ಕವನ್ನು ಹಾಳೆಗಿಳಿಸಿ ಗ್ರಾಮಸಭೆಗೆ ಒಯ್ದವರೂ ಅವರೇ. ಗುಳೆಯ ತಿಂಗಳುಗಳಲ್ಲಿ ಮಕ್ಕಳು ಊರಲ್ಲೇ ಉಳಿಯಲು ಸೀಸನಲ್ ಹಾಸ್ಟೆಲ್ ಬೇಕು ಅಂತ ಕೇಳಿದರು. ನಾನು ಹಿಂದೆ ನಿಂತಿದ್ದೆ, ಅಷ್ಟೇ. ಸಂಶೋಧಕರು ಹೋರಾಟದಿಂದ ದೂರ ಇರಬೇಕು ಅನ್ನುವ ಗೆಳೆಯರು ನನಗೂ ಇದ್ದಾರೆ. ಅವರು ಒಮ್ಮೆ ಆ ಕಟ್ಟೆ ಮೇಲೆ ಕೂತು ಬರಲಿ.

ಸ್ಟುಡಿಯೊದವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಆ ಸಮಿತಿಯ ಕೆಲಸ, ಸಾಹೇಬರದ್ದಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75, ರಾಯಚೂರಿನದ್ದು 60ನ್ನೂ ಮುಟ್ಟಲಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಗ್ಗೆಯೂ ಹೇಳುವುದಿತ್ತು, ಆಗಲ್ಲ ಬಿಡಿ.

ನಾಳೆ ಶಾಲೆಗೆ ಹೋಗಿ ಹಾಜರಿ ಪುಸ್ತಕ ಕೇಳಿ. ಯಾಕೆ ಅಂತ ಕೇಳಿದರೆ ‘ನಾವು ಸಮಿತಿಯವರು’ ಅನ್ನಿ. ಜೋಳ ಮನೆಯಲ್ಲೇ ಇದೆ, ಅಲ್ವಾ? ಲೆಕ್ಕಕ್ಕೆ ಕೂರುವ ಮೊದಲು ಕೋಳಿಯನ್ನು ಮಾತ್ರ ಬುಟ್ಟಿಯಡಿ ಮುಚ್ಚಿಡಿ. ನಮಸ್ಕಾರ.