ಅನುಭವಿ ಪೊಲೀಸರಿಗೆ ಎಷ್ಟು ಸಂಬಳ?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ನಾನು ಉಡುಪಿಯ ಪೊಲೀಸ್ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ಅನುಭವಿ ಪೊಲೀಸರನ್ನು ಹೆಚ್ಚು ಸಂಬಳ ಕೊಟ್ಟು ಬೇರೆ ಊರಿನಿಂದ ಕರೆತರಬೇಕೇ ಎಂಬ ಇವತ್ತಿನ ವಿಷಯ ನನಗೆ ಮನೆಯ ಮಾತೇ.

ಅಮೆರಿಕದಲ್ಲಿ ಒಂದೊಂದು ಊರಿಗೂ ತನ್ನದೇ ಪೊಲೀಸ್, ತನ್ನದೇ ಸಂಬಳ. ಎಲ್ಲ ಬಗೆಯ ಪೊಲೀಸ್ ಇಲಾಖೆಗಳು ಸೇರಿ ಸುಮಾರು 18,000 ಇವೆ. ಜನ ಸಾಲದಾದಾಗ ಒಂದು ಊರು ಇನ್ನೊಂದು ಊರಿನ ಅನುಭವಿ ಪೊಲೀಸರನ್ನು ಕರೆಯುತ್ತದೆ. ‘ಐದು ವರ್ಷ ಕೆಲಸ ಮಾಡಿದ್ದೀರಾ? ಹೊಸಬರ ಸಂಬಳ ಬೇಡ, ಮೇಲಿನ ಹಂತದಿಂದಲೇ ಶುರು ಮಾಡಿ’ ಅನ್ನುತ್ತದೆ. 2022ರಲ್ಲಿ ಸಿಯಾಟಲ್ ನಗರ ಸೇರುವಾಗಲೇ ಕೊಡುವ ಬೋನಸ್ಸನ್ನೂ ಘೋಷಿಸಿತು. ಹೊಸಬರಿಗೆ 7,500 ಡಾಲರ್ ವರೆಗೆ, ಬೇರೆ ಇಲಾಖೆಯಿಂದ ಬರುವ ಅನುಭವಿಗಳಿಗೆ 30,000 ಡಾಲರ್ ವರೆಗೆ. ಹೊಸಬರಿಗೆ ತಿಂಗಳುಗಟ್ಟಲೆ ತರಬೇತಿ ಬೇಕು, ಅನುಭವ ಇದ್ದವರು ಬೇಗ ಡ್ಯೂಟಿಗೆ ಇಳಿಯುತ್ತಾರೆ. ಆದರೆ ಇದರಿಂದ ದೇಶಕ್ಕೆ ಒಬ್ಬ ಪೊಲೀಸ್ ಕೂಡ ಜಾಸ್ತಿ ಆಗುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದ ಸಣ್ಣ ಊರಿನ ಠಾಣೆ ಖಾಲಿಯಾಗುತ್ತದೆ, ಅಷ್ಟೇ.

ನಮ್ಮಲ್ಲಿ ಎಲ್ಲ ಠಾಣೆಗೂ ಸಂಬಳ ಕೊಡುವುದು ರಾಜ್ಯ ಸರ್ಕಾರ ಒಂದೇ. ಇಲ್ಲಿಯ ಕಷ್ಟ ಬೇರೆ. ಪೇದೆಯೊಬ್ಬರು ತಾವೇ ಕೇಳಿಕೊಂಡು ಬೇರೆ ಜಿಲ್ಲೆಗೆ ಹೋದರೆ ಸೀನಿಯಾರಿಟಿ ಬಿಟ್ಟುಕೊಡಬೇಕು. ಹತ್ತು ಹನ್ನೆರಡು ವರ್ಷ ದುಡಿದವರು ಹೊಸ ಜಿಲ್ಲೆಯ ಪಟ್ಟಿಯಲ್ಲಿ ಕೊನೆಗೆ ಹೋಗಿ ನಿಲ್ಲುತ್ತಾರೆ. ಬಡ್ತಿ ಅಷ್ಟೂ ದೂರ. ಅಲ್ಲಿ ಅನುಭವಕ್ಕೆ ಮೇಲಿನ ಹಂತ, ಇಲ್ಲಿ ಅದೇ ಅನುಭವಕ್ಕೆ ಕೊನೆಯ ಸಾಲು. ಇದು ನನಗೆ ಸರಿ ಕಾಣುವುದಿಲ್ಲ.

ಇದು ಎಲ್ಲೋ ದೂರದ ಮಾತಲ್ಲ. ಮಂಗಳೂರು, ಉಡುಪಿಯ ಠಾಣೆಗಳಿಗೆ ಹೋಗಿ ನೋಡಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಎಷ್ಟು ಜನ ಇದ್ದಾರೆ! ನಮ್ಮ ಹುಡುಗರು ಗಲ್ಫ್, ಮುಂಬೈ, ಬೆಂಗಳೂರು ಅಂತ ಹೋಗುತ್ತಾರೆ. ಅವರು ಬಿಟ್ಟ ಜಾಗದಲ್ಲಿ ಈ ಮಕ್ಕಳು ಮಳೆಯಲ್ಲಿ ನಿಂತು ಬಂದೋಬಸ್ತ್ ಮಾಡುತ್ತಾರೆ. ಕೃಷ್ಣ ಮಠದ ಪರ್ಯಾಯ ಉತ್ಸವಕ್ಕೂ ಅವರೇ, ಮೊಸರುಕುಡಿಕೆಗೂ ಅವರೇ.

ಬಂದ ಹೊಸದರಲ್ಲಿ ಅವರಿಗೆ ತುಳು ಬರುವುದಿಲ್ಲ, ಕೊಂಕಣಿ, ಬ್ಯಾರಿ ಅಂತೂ ಇಲ್ಲವೇ ಇಲ್ಲ. ನಾಲ್ಕೈದು ವರ್ಷದಲ್ಲಿ ಕಲಿಯುತ್ತಾರೆ. ಭಾಷೆ ಮಾತ್ರ ಅಲ್ಲ. ಯಾವ ಊರಿನ ದೈವದ ನೇಮದಲ್ಲಿ ಯಾರ ಮಾತು ನಡೆಯುತ್ತದೆ, ಮಲ್ಪೆ ಬಂದರಿನಲ್ಲಿ ಜಗಳ ಎದ್ದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಯಾವ ವಾಟ್ಸಾಪ್ ಸುದ್ದಿ ಸುಮ್ನೆ ಗಾಳಿಮಾತು ಅಂತ ತಿಳಿಯುತ್ತದೆ. ಅಪ್ಪ ಎಷ್ಟೋ ಗಲಾಟೆಯನ್ನು ಲಾಠಿ ಎತ್ತದೆ, ಅಂಗಡಿ ಬೆಂಚಿನ ಮೇಲೆ ಕೂತು ತುಳುವಿನಲ್ಲಿ ಮಾತಾಡಿಯೇ ನಿಲ್ಲಿಸಿದ್ದರು. ಇಂಥ ಅನುಭವವನ್ನು ಬೇರೆ ಊರಿನಿಂದ ದುಡ್ಡು ಕೊಟ್ಟು ತರಲು ಆಗುವುದಿಲ್ಲ, ಅಲ್ವಾ?

ಸಂಬಳ ಏರಿಸುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಪೊಲೀಸರ ಸಂಬಳದ ಬಗ್ಗೆ ರಾಜ್ಯ ಸರ್ಕಾರ ನೇಮಿಸಿದ್ದ ಔರಾದ್ಕರ್ ಸಮಿತಿಯ ಶಿಫಾರಸಿನ ಮೇಲೆ 2019ರಲ್ಲಿ ಪೇದೆಗಳ ಆರಂಭದ ಮೂಲವೇತನ 23,500 ರೂಪಾಯಿ ಆಯಿತು. ಒಳ್ಳೆಯ ಕೆಲಸ. ಆದರೆ ಮೊದಲೇ ಸೇವೆಯಲ್ಲಿದ್ದವರಿಗೆ ಅದಕ್ಕೆ ತಕ್ಕ ಲಾಭ ಸಿಗಲಿಲ್ಲ ಎಂಬ ಕೊರಗು ವರ್ಷಗಟ್ಟಲೆ ಉಳಿಯಿತು. ಬಾಗಿಲಲ್ಲಿ ನಿಂತ ಹೊಸಬರನ್ನು ಕರೆಯುವ ಭರದಲ್ಲಿ ಒಳಗೆ ದುಡಿಯುತ್ತಿರುವವರನ್ನು ಮರೆತರೆ ಹೀಗೇ ಆಗುವುದು. ಹೊಸಬರಿಗೆ ಕೊಡಿ, ಹಳಬರಿಗೂ ಅದೇ ದಿನ ಕೊಡಿ. ಸ್ಥಳೀಯ ಭಾಷೆ ಕಲಿತವರಿಗೆ ಒಂದು ಇನ್‌ಕ್ರಿಮೆಂಟ್ ಜಾಸ್ತಿ ಕೊಟ್ಟರೂ ತಪ್ಪಿಲ್ಲ. ವರ್ಗಾವಣೆ ಕೇಳಿದವರ ಹಿಂದಿನ ಸೇವೆಯಲ್ಲಿ ಅರ್ಧವನ್ನಾದರೂ ಸೀನಿಯಾರಿಟಿಗೆ ಹಿಡಿಯಿರಿ.

ನಮ್ಮ ಬೀದಿಯ ಬೀಟಿಗೆ ಬರುವ ಪೇದೆ ಬಾಗಲಕೋಟೆ ಕಡೆಯವರು. ಒಂಬತ್ತು ವರ್ಷದಿಂದ ಇಲ್ಲಿದ್ದಾರೆ. ಮೀನು ಮಾರುವ ಅಕ್ಕಂದಿರ ಜೊತೆ ತುಳುವಿನಲ್ಲೇ ಮಾತು. ವರ್ಗಾವಣೆಗೆ ಅರ್ಜಿ ಹಾಕಿದ್ದಾರೆ ಅಂತ ಕೇಳಿ, ಯಾಕೆ ಅಂದೆ. ‘ಇಲ್ಲಿ ಮಂದಿ ಗುರ್ತಾಗ್ಯಾರ್ರಿ ಅಕ್ಕಾರ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರ ಊರಾಗ ಅವ್ವ ಒಬ್ಬಾಕಿನ ಅದಾಳ್ರಿ’ ಅಂದರು.