ಬಾಗಿಲ ಕಲ್ಲು ಹುಟ್ಟಿದ ಬೆಟ್ಟ

ಮೊದಲು ಈ ಕಲ್ಲು ನೋಡಿ.

ಭದ್ರಾವತಿಯಲ್ಲಿ ನಮ್ಮ ಅಜ್ಜನ ಮನೆಯ ನಡುಮನೆ ಬಾಗಿಲಿಗೆ ಒತ್ತು ಕೊಡುತ್ತಿದ್ದ ಕಲ್ಲು ಇದು. ಮಳೆಗಾಲದ ಗಾಳಿಗೆ ಬಾಗಿಲು ದಡಾರ್ ಅಂತ ಬಡಿಯಬಾರದು ಅಂತ ಇಟ್ಟಿದ್ದು. ಗಾತ್ರ ಒಂದು ಸುಲಿದ ತೆಂಗಿನಕಾಯಿಯಷ್ಟು. ಆದರೆ ಎತ್ತಿದರೆ ಕೈ ಜಗ್ಗುತ್ತೆ, ಅಷ್ಟು ಭಾರ. ಒಂದು ಪಕ್ಕ ಒಡೆದಿದೆ. ಅಲ್ಲಿ ಹತ್ತಿರದಿಂದ ನೋಡಿ. ಒಂದು ಗೆರೆ ಕಪ್ಪು, ಅದರ ಪಕ್ಕದ್ದು ಇಟ್ಟಿಗೆ ಕೆಂಪು, ಮತ್ತೆ ಕಪ್ಪು, ಮತ್ತೆ ಕೆಂಪು. ಇಳಕಲ್ ಸೀರೆಯ ಅಂಚಿನ ಹಾಗೆ ಒಂದರ ಪಕ್ಕ ಒಂದು. ಚಿಕ್ಕವರಿದ್ದಾಗ ಹಳೆ ರೇಡಿಯೊ ಸ್ಪೀಕರಿನ ಅಯಸ್ಕಾಂತ ತಂದು ಇದಕ್ಕೆ ಅಂಟಿಸಿ ಆಡುತ್ತಿದ್ದೆವು. ಕಪ್ಪು ಗೆರೆಗೆ ಟಕ್ ಅಂತ ಹಿಡಿದುಕೊಳ್ಳುತ್ತಿತ್ತು.

ಅಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕಲ್ಲು ಎಲ್ಲಿಂದ ತಂದಿರಿ ಅಂತ ಕೇಳಿದರೆ, "ಕೆಮ್ಮಣ್ಣುಗುಂಡಿಯಿಂದ. ಅದು ಬೆಂಕಿಯಿಂದ ಹುಟ್ಟಿದ ಬೆಟ್ಟ ಮಗಾ" ಅನ್ನುತ್ತಿದ್ದರು. ಅವರು ತೀರಿಕೊಂಡು ಆರು ವರ್ಷ ಆಯ್ತು. ಆ ಬೆಟ್ಟಕ್ಕೆ ನಾನು ಎಷ್ಟೋ ಸಲ ಹೋಗಿದ್ದೇನೆ. ಮಂಜಿನ ವಿಡಿಯೊ ಮಾಡಿದ್ದೇನೆ, ಬಜ್ಜಿ ತಿಂದಿದ್ದೇನೆ. ಆದರೆ ಕಾಲ ಕೆಳಗಿನ ಕಲ್ಲನ್ನು ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಈ ಸಲ ಅದಕ್ಕೇ ಅಂತ ಹೊರಟೆ. ಜೊತೆಗೆ ಸೋದರಮಾವ. ಅಜ್ಜನ ಕೊನೆಯ ಮಗ, ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು.

ಅಕ್ಟೋಬರ್ ತಿಂಗಳು. ಶಿವಮೊಗ್ಗ ಬಿಟ್ಟಾಗ ಬೆಳಗಿನ ಜಾವ ಐದು ಗಂಟೆ. ಭದ್ರಾವತಿ, ತರೀಕೆರೆ, ಲಿಂಗದಹಳ್ಳಿ. ಲಿಂಗದಹಳ್ಳಿ ದಾಟುತ್ತಿದ್ದ ಹಾಗೆ ಎದುರಿಗೆ ಬೆಟ್ಟದ ಗೋಡೆ ಎದ್ದು ನಿಲ್ಲುತ್ತೆ. ಇದೇ ಚಂದ್ರದ್ರೋಣ ಪರ್ವತ, ಬಾಬಾಬುಡನ್‌ಗಿರಿ ಸಾಲು. ಮೇಲಿನಿಂದ ನೋಡಿದರೆ ಬೆಟ್ಟಗಳು ಕುದುರೆ ಲಾಳದ ಆಕಾರದಲ್ಲಿ, ಅರ್ಧಚಂದ್ರನ ಹಾಗೆ ಬಾಗಿ ನಿಂತಿವೆ. ಒಳಗಡೆ ಬಟ್ಟಲಿನಂಥ ಜಾಗರ ಕಣಿವೆ. ಭದ್ರಾ ಅಭಯಾರಣ್ಯದ ಮುತ್ತೋಡಿ ಕಾಡು ಇರುವುದು ಆ ಕಡೆಗೇ.

ಈ ಆಕಾರ ನೋಡಿ ತುಂಬಾ ಜನ ಇದನ್ನು ಸತ್ತ ಜ್ವಾಲಾಮುಖಿಯ ಬಾಯಿ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮಾವ ಕಾರಿನಲ್ಲೇ ಪಾಠ ಶುರು ಮಾಡಿದರು. "ಬಾಯಿ ಅಲ್ಲ ಪುಟ್ಟಾ. ಆದರೆ ಲಾವಾ ಹೌದು." ಸುಮಾರು 270ರಿಂದ 290 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಹರಿಯಿತು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಪದರದ ಮೇಲೆ ಪದರ ಕೂತಿತು. ಆಮೇಲೆ ಭೂಮಿಯೊಳಗಿನ ಒತ್ತಡಕ್ಕೆ ಆ ಪದರಗಳೆಲ್ಲ ಕಂಬಳಿ ಮಡಿಸಿದ ಹಾಗೆ ಮಡಿಸಿಕೊಂಡವು. ಕೋಟಿ ಕೋಟಿ ವರ್ಷಗಳ ಮಳೆ ಗಾಳಿಗೆ ಮೆತ್ತಗಿದ್ದದ್ದು ಸವೆದು ಹೋಯಿತು, ಗಟ್ಟಿ ಇದ್ದದ್ದು ಬೆಟ್ಟವಾಗಿ ಉಳಿಯಿತು. ಲಾವಾ ಹೊರಗೆ ಬಂದ ಬಾಯಿ ಯಾವತ್ತೋ ಅಳಿಸಿ ಹೋಗಿದೆ. ನಮಗೆ ಸಿಕ್ಕಿರುವುದು ಅದು ಉಗುಳಿದ್ದು ಮಾತ್ರ.

270 ಕೋಟಿ ಅಂದರೆ ಎಷ್ಟು ಅಂತ ನನಗೆ ತಲೆಗೇ ಹೋಗಲಿಲ್ಲ. ಮಾವ ಒಂದು ಲೆಕ್ಕ ಕೊಟ್ಟರು. ಬೆಳಗಾವಿ ಕಡೆಯಿಂದ ಮಹಾರಾಷ್ಟ್ರದ ತುಂಬ ಹರಡಿರುವ ಕಪ್ಪು ಕಲ್ಲು ಇದೆಯಲ್ಲ, ದಖನ್ನಿನ ಲಾವಾ, ಅದು ಸುಮಾರು ಆರೂವರೆ ಕೋಟಿ ವರ್ಷದ್ದು. ಡೈನೋಸಾರ್‌ಗಳು ಮುಗಿದ ಕಾಲದ್ದು. ನಮ್ಮ ಚಂದ್ರದ್ರೋಣದ ಕಲ್ಲು ಅದಕ್ಕಿಂತ ನಲವತ್ತು ಪಟ್ಟು ಹಳೆಯದು. ಆಗ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಕೆಮ್ಮಣ್ಣುಗುಂಡಿಗೆ ಆ ಹೆಸರು ಯಾಕೆ ಬಂತು ಅಂತ ದಾರಿಯ ಪಕ್ಕದ ಮಣ್ಣು ನೋಡಿದರೆ ಸಾಕು. ಕೆಂಪು ಮಣ್ಣಿನ ಗುಂಡಿ. ಶೂ ಮೇಲೆ ಹತ್ತಿದ್ದು ಮನೆಗೆ ಬಂದು ಎರಡು ಸಲ ತೊಳೆದರೂ ಹೋಗಲಿಲ್ಲ. ಈಗ ಇಲ್ಲಿ ತೋಟಗಾರಿಕೆ ಇಲಾಖೆಯ ತೋಟ, ಗುಲಾಬಿ, ಪ್ರವಾಸಿಗರು. ಒಂದು ಕಾಲಕ್ಕೆ ಇದು ಅದಿರಿನ ಗಣಿ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಎದ್ದ ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದರು. ಮಲೆನಾಡಿನ ಕಾಡಿನ ಮರ ಸುಟ್ಟ ಇದ್ದಿಲು, ಈ ಬೆಟ್ಟದ ಅದಿರು. ಅದಿರು ಇಲ್ಲಿಂದ ರೋಪ್‌ವೇಯಲ್ಲಿ, ತೂಗುವ ತೊಟ್ಟಿಗಳಲ್ಲಿ, ಕೆಳಗೆ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ. "ಅಪ್ಪ ಮಾತು ಶುರು ಮಾಡಿದರೆ ಆ ತೊಟ್ಟಿಗಳ ವಿಷಯವೇ" ಅಂದರು ಮಾವ. "ಕಾಡಿನ ಮೇಲೆ ಸಾಲಾಗಿ ತೇಲಿ ಬರ್ತಿದ್ದವಂತೆ." ನಾವು ತುಂಬಾ ಹೊತ್ತು ಆ ಇಳಿಜಾರನ್ನೇ ನೋಡುತ್ತಾ ನಿಂತೆವು. ಈಗ ಬರೀ ಕಾಡು, ಒಂದು ಕಾಜಾಣದ ಕೂಗು.

ಝಡ್ ಪಾಯಿಂಟ್‌ಗೆ ನಡೆದೆವು. ದಾರಿ ಕಿರಿದು, ಒಂದು ಕಡೆ ಪ್ರಪಾತ. ಮಧ್ಯೆ ಶಾಂತಿ ಜಲಪಾತ, ಮುಖ ತೊಳೆದುಕೊಳ್ಳುವಷ್ಟು ಹತ್ತಿರ. ಇಂಬಳ ಜಾಸ್ತಿ. ಮಾವ ಹಳೆ ಕಾಲದವರ ಹಾಗೆ ಬಟ್ಟೆಯಲ್ಲಿ ಉಪ್ಪು ಕಟ್ಟಿ ತಂದಿದ್ದರು, ಕಾಲಿಗೆ ಒತ್ತಿದರೆ ತಾನಾಗೇ ಉದುರುತ್ತೆ. ಕಿತ್ತು ಎಳೆಯಬೇಡಿ, ಗಾಯ ಸೋರುತ್ತಲೇ ಇರುತ್ತೆ.

ಎರಡನೇ ದಿನ ಮುಳ್ಳಯ್ಯನಗಿರಿ. 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಕಾರಿನಲ್ಲೇ ಮೇಲಿನವರೆಗೆ ಹೋಗಿ ಮೆಟ್ಟಿಲು ಹತ್ತಬಹುದು. ನಾವು ಸರ್ಪದಾರಿ ಹಿಡಿದೆವು. ಹುಲ್ಲಿನ ಬೆನ್ನಿನ ಮೇಲೆ ಹಾವಿನ ಹಾಗೆ ಹೊರಳುತ್ತಾ ಹೋಗುವ ಕಾಲುದಾರಿ. ಬೆಟ್ಟದ ಮೈಯೆಲ್ಲ ಹುಲ್ಲು, ಮಡಿಕೆ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒತ್ತಾದ ಶೋಲಾ ಕಾಡು. ಹುಲ್ಲು ಮಳೆ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತೆ. ಬೇಸಿಗೆಯಲ್ಲೂ ಹಳ್ಳ ಹರಿಯುವುದು ಇದರಿಂದಲೇ. 2022ರಲ್ಲಿ ಇಲ್ಲಿ ಕುರಿಂಜಿ ಅರಳಿದಾಗ ಇಡೀ ಇಳಿಜಾರು ನೀಲಿ ಆಗಿತ್ತು, ನೆನಪಿದೆ ಅಲ್ವಾ? ಅದೇ ಜಾಗ.

ಅರ್ಧ ದಾರಿಯಲ್ಲಿ ಮಂಜು ಬಂತು. ಬಂತು ಅಂದರೆ, ಮುಂದೆ ನಡೆಯುತ್ತಿದ್ದ ಮಾವನೇ ಕಾಣಲಿಲ್ಲ. ನನಗೆ ನಿಜವಾಗಿಯೂ ಭಯ ಆಯ್ತು. "ಕೂತ್ಕೋ, ಅಲ್ಲೇ ಕೂತ್ಕೋ" ಅಂತ ದನಿ ಮಾತ್ರ ಕೇಳಿತು. ಇಬ್ಬರೂ ಒಂದು ಬಂಡೆಗೆ ಬೆನ್ನು ಕೊಟ್ಟು ಇಪ್ಪತ್ತು ನಿಮಿಷ ಕೂತೆವು. ಮಂಜಿನಲ್ಲಿ ದಾರಿ ಹುಡುಕುತ್ತಾ ಹೋಗುವುದಕ್ಕಿಂತ ಕೂರುವುದೇ ಒಳ್ಳೆಯದು, ದಯವಿಟ್ಟು ಇದನ್ನು ನೆನಪಿಡಿ.

ಆ ಇಪ್ಪತ್ತು ನಿಮಿಷದಲ್ಲಿ ಈ ಪ್ರವಾಸದ ಅತಿ ಒಳ್ಳೆಯ ವಸ್ತು ಕಣ್ಣಿಗೆ ಬಿತ್ತು. ಬೆನ್ನು ಕೊಟ್ಟಿದ್ದ ಬಂಡೆಯ ಒಂದು ಚಕ್ಕೆ ಎದ್ದಿತ್ತು. ಒಳಗಿನ ಬಣ್ಣ ಕಪ್ಪಲ್ಲ, ಪಾಚಿಗಿಂತ ಸ್ವಲ್ಪ ಗಾಢ ಹಸಿರು. ಅದರ ತುಂಬ ಬಿಳಿ ಚುಕ್ಕೆಗಳು. ಕೆಲವು ಸಾಸಿವೆಯಷ್ಟು, ಕೆಲವು ಕಡಲೆಬೇಳೆಯಷ್ಟು, ಒಂದೆರಡು ಬಾದಾಮಿಯಷ್ಟು. ಮಾವ ಕನ್ನಡಕ ಹಣೆಗೆ ಏರಿಸಿ ಮುಖ ಹತ್ತಿರ ತಂದರು. "ಇವು ಗಾಳಿ ಗುಳ್ಳೆ."

ಲಾವಾ ಹೊರಗೆ ಬರುವಾಗ ಅದರೊಳಗೆ ಅನಿಲ ಇರುತ್ತೆ. ದೋಸೆ ಹೊಯ್ದಾಗ ತೂತು ಬೀಳುತ್ತಲ್ಲ, ಹಾಗೇ ಲಾವಾದಲ್ಲೂ ಗುಳ್ಳೆ ಏಳುತ್ತೆ. ಗುಳ್ಳೆ ಒಡೆಯುವ ಮೊದಲೇ ಲಾವಾ ಆರಿ ಗಟ್ಟಿ ಆದರೆ ತೂತು ಹಾಗೇ ಉಳಿಯುತ್ತೆ. ಆಮೇಲೆ ನೀರು ಹರಿದು ಹರಿದು ಆ ತೂತಿನಲ್ಲಿ ಬಿಳಿ ಖನಿಜ ತುಂಬಿಕೊಳ್ಳುತ್ತೆ. ನಾನು ಹೆಬ್ಬೆರಳಿನಿಂದ ಒಂದು ಚುಕ್ಕೆ ಸವರಿದೆ. ಇಲ್ಲಿ ಕುದಿಯುತ್ತಿದ್ದ ಲಾವಾದ ಒಂದು ಉಸಿರು, ಗುಳ್ಳೆಯ ಆಕಾರದಲ್ಲೇ ಉಳಿದುಕೊಂಡಿದೆ. ನನಗೆ ಮೈ ಜುಮ್ ಅಂದಿತು.

ಮಂಜು ಸರಿದ ಮೇಲೆ ಹತ್ತಿದೆವು. ಮೇಲೆ ಹೋದಂತೆ ಕಲ್ಲು ಬದಲಾಯಿತು. ಹಸಿರು ಮುಗಿದು ಪಟ್ಟೆ ಪಟ್ಟೆ ಕಲ್ಲು ಶುರುವಾಯಿತು. ಕಪ್ಪು, ಕೆಂಪು, ಕಪ್ಪು, ಕೆಂಪು. ನಮ್ಮ ಬಾಗಿಲ ಕಲ್ಲು! ಇಡೀ ನೆತ್ತಿಯೇ ಅದು. ಚೀಲದಿಂದ ಅಯಸ್ಕಾಂತ ತೆಗೆದು ದಾರಕ್ಕೆ ಕಟ್ಟಿ ಹಿಡಿದೆ. ಕಪ್ಪು ಪಟ್ಟೆಯ ಕಡೆಗೆ ವಾಲಿ ಅಂಟಿತು. ಫೋನಿನ ದಿಕ್ಸೂಚಿ ಬಂಡೆಯ ಹತ್ತಿರ ಇಟ್ಟರೆ ಉತ್ತರವನ್ನು ಎಲ್ಲೆಲ್ಲೋ ತೋರಿಸುತ್ತೆ, ಈ ಶಾಟ್‌ನಲ್ಲಿ ನೋಡಿ.

"ಅಪ್ಪ ಹೇಳಿದ್ದು ಅರ್ಧ ಸರಿ" ಅಂದರು ಮಾವ. ಬೆಟ್ಟದ ಮೈ ಬೆಂಕಿಯದು. ಈ ನೆತ್ತಿ ಮಾತ್ರ ನೀರಿನದು. ಲಾವಾ ನಿಂತ ಮೇಲೆ ಇಲ್ಲಿ ಸಮುದ್ರ ಇತ್ತು. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡೇ ಇರುತ್ತಿತ್ತು. ಅದು ನಿಧಾನಕ್ಕೆ ತಳಕ್ಕೆ ಇಳಿದು, ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ (ಮರಳಿನಲ್ಲಿರುವ ಖನಿಜ), ಹೀಗೆ ಕೂತಿತು. ಮಲೆನಾಡಿನ ಕಬ್ಬಿಣದ ಕಥೆ ಇದು. ಅಜ್ಜನ ಸಂಬಳ ಬಂದಿದ್ದು, ಅಮ್ಮ ಓದಿದ್ದು, ಎಲ್ಲ ಈ ಸಮುದ್ರದ ತಳದಿಂದ. ಶಿಖರದ ಗಾಳಿಗೆ ನಿಂತು ನಾನು ಅದನ್ನೇ ಯೋಚಿಸುತ್ತಿದ್ದೆ.

ಮೇಲೆ ಮುಳ್ಳಪ್ಪ ಸ್ವಾಮಿಯ ಗುಡಿ. ಅದರ ಕೆಳಗೆ ಸ್ವಲ್ಪ ದೂರದಲ್ಲಿ ಗುಹೆಗಳಿವೆ, ಆಳ ಜಾಸ್ತಿ ಇಲ್ಲ. ಸ್ವಾಮಿ ಇಲ್ಲೇ ತಪಸ್ಸು ಮಾಡಿದರು ಅಂತ ನಂಬಿಕೆ. ಒಳಗೆ ತಂಪು, ಬಾವಲಿಯ ವಾಸನೆ.

ಗುಹೆ ಅಂದರೆ ಬಾಬಾಬುಡನ್‌ಗಿರಿಯದು. ದತ್ತಾತ್ರೇಯ ಸ್ವಾಮಿ ಅಂತ ಬರುವವರು, ದಾದಾ ಹಯಾತ್ ಅಂತ ಬರುವವರು, ಎರಡೂ ಕಡೆಯವರು ಒಂದೇ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಇಳಿಯುತ್ತಾರೆ. ನಾನು ಒಳಗೆ ಕ್ಯಾಮೆರಾ ತೆಗೆಯಲಿಲ್ಲ. ಲಾವಾ ನಾಡುಗಳಲ್ಲಿ ಲಾವಾ ಹರಿದು ಖಾಲಿಯಾದ ಕೊಳವೆಯಂಥ ಗುಹೆಗಳಿರುತ್ತವೆ. ಇದು ಅಂಥದ್ದಲ್ಲ, ಜಂಬಿಟ್ಟಿಗೆ ಗುಹೆ. ಹಳೆಯ ಕಲ್ಲು ಮಳೆಗೆ ಕೊಳೆತು, ಬೇರೆಲ್ಲ ತೊಳೆದು ಹೋಗಿ, ಕಬ್ಬಿಣ ಅಲ್ಯೂಮಿನಿಯಂ ಉಳಿದು ಗಟ್ಟಿಯಾದದ್ದೇ ಜಂಬಿಟ್ಟಿಗೆ. ಸಾಗರ, ಹೊಸನಗರದ ಎಷ್ಟೋ ಮನೆ ಗೋಡೆ ಇದೇ ಕಲ್ಲಿನದು. ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನೆಟ್ಟರು ಅನ್ನುವ ಕಥೆಯೂ ಈ ಬೆಟ್ಟದ್ದೇ. ಹೊರಗೆ ಒಬ್ಬ ಅಮ್ಮ ಬೆಲ್ಲದ ಕಾಫಿ ಕೊಟ್ಟರು. ಮಾವ ಎರಡು ಲೋಟ ಕುಡಿದರು.

ಮಾಣಿಕ್ಯಧಾರೆಗೂ ಹೋದೆವು. ನೀರು ಹನಿ ಹನಿಯಾಗಿ ಮಣಿ ಉದುರಿದ ಹಾಗೆ ಬೀಳುತ್ತೆ. ಆದರೆ ಸ್ನಾನ ಮಾಡಿ ಬಟ್ಟೆ ಬಿಟ್ಟು ಹೋಗುವ ಪದ್ಧತಿ ಇದೆ, ಆ ಬಟ್ಟೆಗಳೆಲ್ಲ ಹಳ್ಳಕ್ಕೆ ಇಳಿಯುತ್ತವೆ. ನೋಡಿ ಹೊಟ್ಟೆ ಉರಿಯಿತು. ಈ ನೀರು ಕೆಳಗೆ ಯಾರದ್ದೋ ಕುಡಿಯುವ ನೀರು. ದಯವಿಟ್ಟು ನಿಮ್ಮ ಬಟ್ಟೆ ನಿಮ್ಮ ಚೀಲದಲ್ಲೇ ಮನೆಗೆ ತನ್ನಿ.

ಮೂರನೇ ದಿನ ವಾಪಸ್ಸು ಕಡೂರು ದಾರಿಯಲ್ಲಿ. ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ. ಪಕ್ಕದಲ್ಲಿ ಶಕುನಗಿರಿ, ಹಿಂದೆ ನಾವು ಇಳಿದು ಬಂದ ಬೆಟ್ಟದ ಸಾಲು. ರುಕ್ಮಾಂಗದ ರಾಯ ಕಟ್ಟಿಸಿದ, ಹೊಯ್ಸಳರ ಕಾಲದಲ್ಲಿ, 1156ರಲ್ಲಿ ದುರಸ್ತಿ ಆಯಿತು ಅನ್ನುತ್ತಾರೆ. ಇದಕ್ಕೆ ನೀರು ಬರುವುದು ಚಂದ್ರದ್ರೋಣದಿಂದ. ಅಲ್ಲಿ ಹುಟ್ಟಿದ ವೇದಾ ಈ ಕೆರೆಯಿಂದ ಮುಂದೆ ಹೋಗಿ, ಕಡೂರಿನ ಹತ್ತಿರ ಅವತಿಯನ್ನು ಕೂಡಿ ವೇದಾವತಿ ಆಗುತ್ತಾಳೆ. ಬೆಟ್ಟದ ಈ ಕಡೆ ಮಳೆನೆರಳು, ಬಯಲುಸೀಮೆ ಶುರು. ಅಲ್ಲಿನ ಹುಲ್ಲು ಹಿಡಿದ ಮಂಜು ಇಲ್ಲಿನ ತೆಂಗಿನ ತೋಟಕ್ಕೆ ಬರುತ್ತೆ.

ಏರಿಯ ಮೇಲೆ ಬುತ್ತಿ ಬಿಚ್ಚಿದೆವು. ಮೊಸರನ್ನ, ಮಾವಿನಮಿಡಿ ಉಪ್ಪಿನಕಾಯಿ. ಕೈ ತೊಳೆಯಲು ನೀರಿಗೆ ಇಳಿದಾಗ ಮಾವ ಒಂದು ಹರಳು ಎತ್ತಿ ಕೊಟ್ಟರು. ಕೋಳಿಮೊಟ್ಟೆಗಿಂತ ಚಿಕ್ಕದು, ನುಣ್ಣಗಾಗಿತ್ತು. ಮಧ್ಯದಲ್ಲಿ ಒಂದೇ ಒಂದು ಕಪ್ಪು ಗೆರೆ. ಬೆಟ್ಟದಿಂದ ಉರುಳಿ ಬಂದದ್ದು. ಜೇಬಿಗೆ ಹಾಕಿಕೊಳ್ಳುವ ಆಸೆ ಆಯಿತು. ಮನೆಯಲ್ಲಿ ಒಂದು ಇದೆಯಲ್ಲ ಅಂತ ವಾಪಸ್ಸು ನೀರಿಗೆ ಬಿಟ್ಟೆ.

ಅಜ್ಜನ ಕಲ್ಲು ಈಗ ಶಿವಮೊಗ್ಗದ ನಮ್ಮ ಮನೆಯಲ್ಲಿದೆ. ಬಂದ ರಾತ್ರಿಯೇ ಅಣ್ಣನ ಮಗಳ ಕೈಗೆ ಅಯಸ್ಕಾಂತ ಕೊಟ್ಟೆ. ಅವಳಿಗೆ ಐದು ವರ್ಷ. ಕಪ್ಪು ಗೆರೆಗೆ ಅಂಟಿಸಿದಳು, ಕಿತ್ತಳು. ಕೆಂಪು ಗೆರೆಗೆ ಇಟ್ಟಳು, ಜಾರಿ ಬಿತ್ತು. ಮತ್ತೆ ಇಟ್ಟಳು.

"ಇದಕ್ಕೆ ಯಾಕೆ ಅಂಟಲ್ಲ?"

ಮಾವನಿಗೆ ಫೋನ್ ಮಾಡಿ ಅವಳ ಕೈಗೆ ಕೊಟ್ಟೆ.